ಕೊರಳಲ್ಲಿ ಲಿಂಗ ಇಲ್ಲದವನ ಉತ್ತರ

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ಆಗ ಹುಮನಾಬಾದಿನ ನಮ್ಮ ಮನೆಗೂ ಒಬ್ಬ ಶಿಕ್ಷಕಿ ಬಂದರು. ಮೊಬೈಲ್ ತೆರೆದು, ಧರ್ಮ ಯಾವುದು ಎಂದು ಕೇಳಿದರು. ‘ಇತರೆ’ ಒತ್ತಿ ಲಿಂಗಾಯತ ಎಂದು ಬರೆದುಕೊಳ್ಳಿ ಅಂದೆ. ಹೀಗೆ ಬರೆಸಿದೆ ಎಂದು ನಾಲ್ಕು ಜನರ ಮುಂದೆ ಹೇಳಿದ್ದೇ ತಡ, ಎಲ್ಲ ದಿಕ್ಕಿನಿಂದಲೂ ಮಾತು ಬಂದವು. ಬಸವಕಲ್ಯಾಣದ ಹಿರಿಯ ಶರಣರೊಬ್ಬರು, ನನ್ನ ಸ್ವಂತ ಕಾಕಾ, ಹೈದರಾಬಾದಿನಲ್ಲಿ ನೌಕರಿ ಮಾಡುವ ಗೆಳೆಯ, ಪ್ರತ್ಯೇಕ ಲಿಂಗಾಯತ ಧರ್ಮ ಕೇಳುವ ನಮ್ಮದೇ ಚಳವಳಿಯ ಹುಡುಗರು, ಹೀಗೆ ಯಾರೂ ಬಿಡಲಿಲ್ಲ. 2027ರ ಫೆಬ್ರುವರಿಯ ಜನಗಣತಿಯಲ್ಲಿ ಇದೇ ಪ್ರಶ್ನೆ ಮತ್ತೆ ಬಾಗಿಲಿಗೆ ಬರುತ್ತದೆ. ಆದ್ದರಿಂದ ಎಲ್ಲರಿಗೂ ಇಲ್ಲೇ ಉತ್ತರ ಕೊಡುತ್ತಿದ್ದೇನೆ.

ಮೊದಲು ಶರಣರ ಮಾತು: “ನಿನ್ನ ಕೊರಳಾಗ ಲಿಂಗ ಎಲ್ಲಿದೆ? ಲಿಂಗ ಇಲ್ಲದವ ಲಿಂಗಾಯತ ಅಂತ ಹೆಂಗ ಬರಸ್ತಿ?”

ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಲಿಂಗಪೂಜೆ ಅಂದರೆ ಏನೆಂದು ಕಣ್ಣಾರೆ ಕಂಡವನು ನಾನು. ನಮ್ಮ ಆಯಿ ನಸುಕಿನಲ್ಲಿ ಎದ್ದು ಜಳಕ ಮಾಡಿ, ಒದ್ದೆ ಕೂದಲ ಮೇಲೆ ಸೆರಗು ಹೊದ್ದು, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಕೂತಳೆಂದರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬೆಳ್ಳಿಯ ಕರಡಿಗೆ ತೆರೆದು, ಒಳಗಿನ ಬಿಳಿ ಅರಿವೆ ಬಿಡಿಸಿ, ಕಪ್ಪು ಕಂತಿಯ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುವಳು. ನೀರೆರೆದು, ಒರೆಸಿ, ವಿಭೂತಿ ಹಚ್ಚಿ, ಹಿತ್ತಲ ಬಿಲ್ವದ ಒಂದು ಪತ್ರಿ ಏರಿಸಿ, ಅಂಗೈಯನ್ನು ಎದೆಯ ಮಟ್ಟಕ್ಕೆ ತಂದು ದಿಟ್ಟಿಸುತ್ತ ಕೂರುವಳು. ಹೊಲದ ಕೆಲಸಕ್ಕೆ ಅವಳ ಬೆರಳು ಬಿರಿದಿದ್ದವು. ಬಿರುಕಿನೊಳಗೆ ವಿಭೂತಿ ಕೂತು ಸಣ್ಣ ಬಿಳಿ ಗೆರೆಗಳು ಕಾಣುತ್ತಿದ್ದವು. ಪೂಜೆ ಆಗುವ ತನಕ ಗುಟುಕು ನೀರೂ ಇಲ್ಲ. ಒಮ್ಮೆ ಸೊಲ್ಲಾಪುರಕ್ಕೆ ಹೊರಟ ಬಸ್ಸು ಉಮರ್ಗಾದ ಹತ್ತಿರ ಕೆಟ್ಟು ನಿಂತಿತು. ಮಧ್ಯಾಹ್ನವಾಗಿತ್ತು, ನಾವು ಮಕ್ಕಳು ಹಸಿದಿದ್ದೆವು. ಆಯಿ ರಸ್ತೆ ಬದಿಯ ಬೇವಿನ ಗಿಡದ ನೆರಳಿಗೆ ಹೋಗಿ, ತಂಬಿಗೆ ನೀರಿಟ್ಟುಕೊಂಡು ಪೂಜೆ ಮುಗಿಸಿ ಬಂದ ಮೇಲೆಯೇ ರೊಟ್ಟಿ ಗಂಟು ಬಿಚ್ಚಿದಳು.

ನನ್ನ ಕೊರಳಲ್ಲಿ ಈಗ ಲಿಂಗ ಇಲ್ಲ. ಕಾಲೇಜು ಕಲಿಯಲು ಕಲಬುರಗಿಗೆ ಹೋದಾಗ ಕೋಣೆಯ ಗೂಟಕ್ಕೆ ಹಾಕಿದ ಶಿವದಾರ ಮತ್ತೆ ಕೊರಳಿಗೆ ಏರಲಿಲ್ಲ. ಇದು ಹೆಮ್ಮೆಯ ಮಾತೇನಲ್ಲ. ಆಯಿ ತೀರಿಕೊಂಡ ದಿನ ಆ ಕರಡಿಗೆಯನ್ನು ಅವಳ ಅಂಗೈಯಲ್ಲಿಟ್ಟು ಸಮಾಧಿ ಮಾಡಿದಾಗ ಏನು ಕಳೆದುಕೊಂಡಿದ್ದೇನೆ ಎಂದು ನನಗೆ ಗೊತ್ತಾಗಿದೆ.

ಶರಣರೇ, ಪೂಜೆ ಯಾಕೆ ಬಿಟ್ಟೆ ಎಂದು ನೀವು ಕೇಳಿದ್ದರೆ ತಲೆ ತಗ್ಗಿಸುತ್ತಿದ್ದೆ. ನೀವು ಅಂದದ್ದು ಬೇರೆ. ಪೂಜೆ ಬಿಟ್ಟವನಿಗೆ ಹೆಸರು ಹೇಳುವ ಹಕ್ಕೇ ಇಲ್ಲ ಅಂದಿರಿ. ಇದನ್ನು ನಾನು ಒಪ್ಪಲಾರೆ. ತಾಯಿಯ ಬಸಿರಲ್ಲಿ ಕೂಸಿಗೆ ಎಂಟು ತಿಂಗಳಾದಾಗಲೇ ಲಿಂಗ ಕಟ್ಟುವ ಸಂಸ್ಕಾರ ನಮ್ಮಲ್ಲಿದೆ. ಕಣ್ಣು ಬಿಡುವ ಮೊದಲೇ, ಪೂಜೆ ಎಂಬ ಶಬ್ದ ಕಿವಿಗೆ ಬೀಳುವ ಮೊದಲೇ, ಸಮಾಜ ನನ್ನನ್ನು ತನ್ನವನು ಅಂದಿತ್ತು. ಕೊಡುವಾಗ ಷರತ್ತು ಹಾಕದ ಹೆಸರನ್ನು ಕಿತ್ತುಕೊಳ್ಳಲು ಈಗ ಷರತ್ತು ಹಾಕುವುದು ಯಾವ ನ್ಯಾಯ?

ಈ ಜಗಳ ನಮ್ಮದೊಂದೇ ಅಲ್ಲ. ಯಹೂದಿಗಳು ಇದನ್ನು ನಮಗಿಂತ ಬಹಳ ಮೊದಲೇ, ಬಹಳ ದೊಡ್ಡ ಬೆಲೆ ಕೊಟ್ಟು ಆಡಿದ್ದಾರೆ. ಅವರಲ್ಲಿ ಗಂಡು ಕೂಸಿಗೆ ಎಂಟನೆಯ ದಿನ ಸುನ್ನತಿ. ಆದರೆ ತಾಯಿ ಯಹೂದಿಯಾದರೆ ಅವನು ಹುಟ್ಟಿನಿಂದಲೇ ಯಹೂದಿ. ಮುಂದೆ ಅವನು ಶನಿವಾರದ ಸಬ್ಬತ್ ಹಿಡಿಯಲಿ ಬಿಡಲಿ, ಆ ಗುರುತು ಹೋಗುವುದಿಲ್ಲ. ಇವತ್ತಿನ ಇಸ್ರೇಲಿನ ಯಹೂದಿಗಳಲ್ಲಿ ಅರ್ಧದ ಹತ್ತಿರ ಜನ ತಾವು ಆಚಾರವಂತರಲ್ಲ, ಸೆಕ್ಯುಲರ್ ಎಂದು ಹೇಳಿಕೊಳ್ಳುವವರು. ಅಮೆರಿಕದಲ್ಲಿ ಪ್ಯೂ ಸಂಸ್ಥೆ 2020ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕ ಯಹೂದಿಗಳ ಪೈಕಿ ನೂರಕ್ಕೆ 27 ಜನ ತಮಗೆ ಧರ್ಮವೇ ಇಲ್ಲ ಅಂದರು. ಆದರೂ ಯಹೂದಿ ಎಂಬ ಹೆಸರನ್ನು ಅವರು ಬಿಟ್ಟುಕೊಡಲಿಲ್ಲ. ಇನ್ನೊಂದು ತುದಿಯಲ್ಲಿ ಜೆರುಸಲೇಮಿನ ನೆತುರೆಯಿ ಕಾರ್ತಾ ಎಂಬ ಪಂಗಡವಿದೆ. ಆಚಾರದಲ್ಲಿ ಕೂದಲೆಳೆಯಷ್ಟೂ ತಪ್ಪದ ಜನ. ಅವರು ಯಹೂದಿ ರಾಜ್ಯವನ್ನೇ ಒಪ್ಪುವುದಿಲ್ಲ. ಮಸೀಹ ಬರುವ ತನಕ ಅಂಥ ರಾಜ್ಯ ಕಟ್ಟಬಾರದು ಎಂಬುದು ಅವರ ನಂಬಿಕೆ. ಆಚಾರ ನೋಡಿ ರಾಜಕಾರಣ ಹೇಳಲಾಗದು, ರಾಜಕಾರಣ ನೋಡಿ ಆಚಾರ ಹೇಳಲಾಗದು.

ಹಾಗಾದರೆ ಯಾರು ಯಹೂದಿ ಎಂಬುದನ್ನು ತೀರ್ಮಾನಿಸುವವರು ಯಾರು? 1958ರಲ್ಲಿ ಪ್ರಧಾನಿ ಬೆನ್ ಗುರಿಯನ್ ಇದೇ ಪ್ರಶ್ನೆಯನ್ನು ಜಗತ್ತಿನ ಸುಮಾರು 50 ಮಂದಿ ಯಹೂದಿ ವಿದ್ವಾಂಸರಿಗೆ ಪತ್ರ ಬರೆದು ಕೇಳಿದರು. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಒಂದು ಮೊಕದ್ದಮೆ ಬಂತು. ಪೋಲೆಂಡಿನ ಯಹೂದಿ ತಾಯಿಗೆ ಹುಟ್ಟಿ, ನಾಜಿಗಳ ಕಾಲದಲ್ಲಿ ಅನೇಕ ಯಹೂದಿಗಳ ಜೀವ ಉಳಿಸಿ, ಮುಂದೆ ಕ್ರೈಸ್ತ ಸನ್ಯಾಸಿಯಾದ ಬ್ರದರ್ ಡೇನಿಯಲ್, ತನ್ನನ್ನು ಯಹೂದಿ ಎಂದು ದಾಖಲಿಸಿ ಎಂದರು. ಶಾಸ್ತ್ರದ ಪ್ರಕಾರ ತಾಯಿ ಯಹೂದಿಯಾದರೆ ಮಗ ಯಹೂದಿಯೇ. ಕೋರ್ಟು ಮಾತ್ರ, ಜನಸಾಮಾನ್ಯರು ಆ ಶಬ್ದವನ್ನು ಯಾವ ಅರ್ಥದಲ್ಲಿ ಬಳಸುತ್ತಾರೋ ಅದನ್ನೇ ಹಿಡಿದು, ಆಗುವುದಿಲ್ಲ ಅಂದಿತು. ಶಾಸ್ತ್ರದ ಯಹೂದಿಯೇ ಬೇರೆ, ಸರ್ಕಾರಿ ರಿಜಿಸ್ಟರಿನ ಯಹೂದಿಯೇ ಬೇರೆ ಎಂಬುದು ಆ ದಿನ ಲಿಖಿತವಾಗಿ ಸಾಬೀತಾಯಿತು.

ಪರೀಕ್ಷೆ ಇಟ್ಟವರ ಕೈಯಲ್ಲಿ ಬಡವರು ಹೇಗೆ ನರಳುತ್ತಾರೆ ಎಂಬುದಕ್ಕೆ ನಮ್ಮ ನೆರೆಯವರದೇ ಉದಾಹರಣೆ ಇದೆ. ಕೊಂಕಣದ ಅಲಿಬಾಗ್ ಸುತ್ತಿನ ಬೆನೆ ಇಸ್ರೇಲ್ ಯಹೂದಿಗಳು ಶತಮಾನಗಳ ಕಾಲ ಎಣ್ಣೆಗಾಣ ನಡೆಸಿ ಬದುಕಿದವರು, ಮನೆಮಾತು ಮರಾಠಿ. ಶನಿವಾರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’ ಅಂದರು. ನಮ್ಮ ಕಡೆಯ ಲಿಂಗವಂತ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಹಾಗೆಯೇ. ಗ್ರಂಥ ಮರೆತಿದ್ದರೂ, ಗುರು ಇಲ್ಲದಿದ್ದರೂ ಆ ಒಂದು ದಿನದ ಬಿಡುವು ಅವರನ್ನು ಅವರಾಗಿಯೇ ಉಳಿಸಿತ್ತು. ಇಸ್ರೇಲ್ ಹುಟ್ಟಿದ ಮೇಲೆ ಅವರಲ್ಲಿ ಸಾವಿರಾರು ಜನ ಅಲ್ಲಿಗೆ ಹೋದರು. 1960ರ ದಶಕದ ಆರಂಭದಲ್ಲಿ ಅಲ್ಲಿನ ಮುಖ್ಯ ಧರ್ಮಗುರುಗಳ ಕಚೇರಿ, ಬೆನೆ ಇಸ್ರೇಲಿಗಳ ಮದುವೆ ಮಾಡಿಸುವ ಮೊದಲು ಅವರ ತಾಯಿ, ಅಜ್ಜಿಯರ ಮೂಲ ವಿಚಾರಿಸಬೇಕು ಎಂದು ಆದೇಶಿಸಿತು. ತಮ್ಮ ಊರಲ್ಲಿ ಯಾರೂ ಅನುಮಾನಿಸದ ಜನ, ತಮ್ಮದೆಂದು ನಂಬಿ ಹೋದ ನಾಡಿನಲ್ಲಿ ಅನುಮಾನಕ್ಕೆ ಗುರಿಯಾದರು. 1964ರಲ್ಲಿ ಜೆರುಸಲೇಮಿನಲ್ಲಿ ಧರಣಿ ಕೂತರು, ಉಪವಾಸ ಮಾಡಿದರು. ಆ ವರ್ಷ ಸಂಸತ್ತು ಅವರನ್ನು ಎಲ್ಲ ರೀತಿಯಿಂದಲೂ ಪೂರ್ಣ ಯಹೂದಿಗಳೆಂದು ಘೋಷಿಸಿದ ಮೇಲೆ ಆದೇಶದಿಂದ ಅವರ ಹೆಸರು ತೆಗೆದರು. ಭಾರತದಲ್ಲಿ ಉಳಿದವರು ಐದು ಸಾವಿರಕ್ಕೂ ಕಡಿಮೆ. ಅವರಿಗೆ ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಕೊಟ್ಟಿತು. ಮಾನ್ಯತೆ ಕೊಡುವಾಗ ಯಾರು ಎಷ್ಟು ಸಬ್ಬತ್ ಹಿಡಿದಿದ್ದಾರೆ ಎಂದು ಯಾರೂ ಲೆಕ್ಕ ಕೇಳಲಿಲ್ಲ.

ಶರಣರು ಇದಕ್ಕೂ ಮರುಮಾತು ಆಡಿದರು. “ಹುಟ್ಟಿನಿಂದ ಬಂದದ್ದು ಅಂತಿಯಲ್ಲ, ಹುಟ್ಟನ್ನು ಅಲ್ಲಗಳೆದವರೇ ಶರಣರು. ಕಲ್ಯಾಣದಾಗ ಹುಟ್ಟು ಕೇಳಿದವರು ಯಾರು?” ಇದು ಸತ್ಯ, ನನಗೆ ನಾಟಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದವರು ಕುಲ ಬಿಟ್ಟು ದೀಕ್ಷೆ ಪಡೆದವರು. ಬಸವಕಲ್ಯಾಣದ ಹರಳಯ್ಯನ ಗವಿಗೆ ಹೋದಾಗಲೆಲ್ಲ ನನಗೆ ನೆನಪಾಗುವುದು ಇದೇ. ಚಪ್ಪಲಿ ಹೊಲಿಯುವ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಇಬ್ಬರು ತಂದೆಯರೂ ಎಳೆಹೂಟೆಗೆ ಬಲಿಯಾದರು, ಕಲ್ಯಾಣ ಚದುರಿತು. ಹಾಗಿದ್ದರೆ ಬಾಗಿಲು ಮುಚ್ಚಿದವರು ಯಾರು? ಪೂಜೆ ಬಿಟ್ಟ ನಾನೊಬ್ಬನೇ ಅಲ್ಲ. ದಿನಕ್ಕೆ ಮೂರು ಹೊತ್ತು ಲಿಂಗಪೂಜೆ ಮಾಡಿ, ಮಗಳ ಮದುವೆಯ ಮಾತು ಬಂದಾಗ ಬಣಜಿಗರೋ, ಪಂಚಮಸಾಲಿಯೋ, ಗಾಣಿಗರೋ, ಹಡಪದರೋ ಎಂದು ಒಳಪಂಗಡ ವಿಚಾರಿಸುವವರೂ ಮುಚ್ಚಿದ್ದಾರೆ. ಹುಟ್ಟಿನ ಮಾತು ನನ್ನ ಬಾಯಲ್ಲಿ ತಪ್ಪಾದರೆ ಅವರ ಮನೆಯ ಬೀಗತನದಲ್ಲೂ ತಪ್ಪೇ. ನನ್ನ ವಾದ ಇಷ್ಟು: ಹುಟ್ಟಿ ಬಂದವನನ್ನು ಪೂಜೆಯ ಲೆಕ್ಕ ಕೇಳಿ ಹೊರಗೆ ಹಾಕಬೇಡಿ, ನಂಬಿ ಬಂದವನನ್ನು ಹುಟ್ಟು ಕೇಳಿ ಹೊರಗೆ ನಿಲ್ಲಿಸಬೇಡಿ.

ಇನ್ನು ಕಾಕಾ. ಅವರದು ಪ್ರೀತಿಯ ಸಿಟ್ಟು. “ಜನವರಿ ಬಂದ್ರ ವೀರಭದ್ರನ ತೇರು ಎಳೀತಿ, ಅಗ್ಗಿ ಹಾಯ್ತಿ, ಎಳ್ಳಮಾಸಿಗೆ ಹೊಲದಾಗ ಚರಗ ಚೆಲ್ತಿ. ಮತ್ತ ಹಿಂದೂ ಅಲ್ಲ ಅಂತಿ. ಇದೇನು ಆಟ?”

ಕಾಕಾ, ತೇರು ಎಳೆಯುತ್ತೇನೆ, ಈ ವರ್ಷವೂ ಎಳೆಯುತ್ತೇನೆ. ಹಗ್ಗಕ್ಕೆ ಕೈ ಹಚ್ಚಿದವರಲ್ಲಿ ಯಾರ್ಯಾರು ಇರುತ್ತಾರೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಬದುವಿನಾಚೆ ಮುಸ್ಲಿಮರ ಹೊಲದಲ್ಲೂ ಭಜ್ಜಿ, ಅಂಬಲಿ ಇರುತ್ತವೆ. ಮಾಣಿಕನಗರವನ್ನೇ ತೆಗೆದುಕೊಳ್ಳಿ. ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ನಮ್ಮೂರ ಮಗ್ಗುಲಲ್ಲೇ ಸಕಲಮತ ಎಂದು ಸಾರಿದರು. ದತ್ತ ಜಯಂತಿಯ ದರ್ಬಾರಿಗೆ ಹಿಂದೂ, ಮುಸ್ಲಿಂ, ಲಿಂಗವಂತ ಎಲ್ಲರೂ ಹೋಗುತ್ತಾರೆ. ಹೋದವರು ಯಾರೂ ತಮ್ಮ ಧರ್ಮ ಅಲ್ಲಿ ಬಿಟ್ಟು ಬಂದಿಲ್ಲ.

ಮೊಹರಮ್ಮಿಗೆ ನಮ್ಮ ಮನೆಯಲ್ಲಿ ಚೊಂಗೆ ಸುಡುತ್ತಿದ್ದುದು, ಮಾಲ್ದಿ ಮಾಡಿ ಪೀರಲ ದೇವರಿಗೆ ಒಯ್ಯುತ್ತಿದ್ದುದು ನಿಮಗೆ ನೆನಪಿದೆ. ಬಿಸಿ ರೊಟ್ಟಿಯನ್ನು ಬೆಲ್ಲ, ತುಪ್ಪದ ಜೊತೆ ಆಯಿ ಅಂಗೈಯಲ್ಲಿ ನುರಿಯುವಳು. ಬೆಳಿಗ್ಗೆ ಲಿಂಗ ಹಿಡಿದ ಅಂಗೈಯೇ ಅದು. ಬೆನೆ ಇಸ್ರೇಲಿಗಳಲ್ಲೂ ಮಲೀದಾ ಎಂಬ ಹೆಸರಿನ ಹರಕೆಯ ನೈವೇದ್ಯವಿದೆ. ಅವರದು ಅವಲಕ್ಕಿ, ಬೆಲ್ಲ, ಕೊಬ್ಬರಿ, ಹಣ್ಣಿನದು. ಪ್ರವಾದಿ ಎಲಿಯಾನ ಹೆಸರಲ್ಲಿ ಮಾಡುತ್ತಾರೆ. ಹೆಸರು ನೆರೆಯವರಿಂದ ಬಂದದ್ದು, ಪ್ರಾರ್ಥನೆ ಅವರದೇ. ಅವರ ಹೆಣ್ಣುಮಕ್ಕಳು ಮಂಗಳಸೂತ್ರ ಕಟ್ಟುತ್ತಾರೆ, ಮದುವೆಗೆ ಮುನ್ನ ಕೈಗೆ ಮೆಹಂದಿ ಹಚ್ಚುತ್ತಾರೆ. ಅಷ್ಟಕ್ಕೇ ಅವರು ಯಹೂದಿಗಳಲ್ಲದೆ ಹೋಗಲಿಲ್ಲ; ಅವರ ಮೂಲವನ್ನು ಅನುಮಾನಿಸಿದವರೂ 1964ರಲ್ಲಿ ಹಿಂದೆ ಸರಿಯಬೇಕಾಯಿತು. ನೆರೆಹೊರೆಯಿಂದ ಕಲಿತದ್ದು ನೆರೆಹೊರೆಯ ಪ್ರೀತಿಗೆ ಸಾಕ್ಷಿ. ನಾನು ಬೇರೆ ಅಂದರೆ ನಿಮ್ಮ ವೈರಿ ಅಂದಂತೆ ಅಲ್ಲ ಕಾಕಾ. ಜೈನರನ್ನು 2014ರಲ್ಲಿ ಇಡೀ ದೇಶದ ಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಗುರುತಿಸಿದರು. ಅವರು ನಮ್ಮ ಅಡತಿ ಅಂಗಡಿಗೆ ಬರುವುದನ್ನು ನಿಲ್ಲಿಸಿದರೇ?

ಹೈದರಾಬಾದಿನ ಗೆಳೆಯನದು ಇನ್ನೊಂದು ಮಾತು: ಲಿಂಗಾಯತ ಪ್ರತ್ಯೇಕ ಧರ್ಮ ಎಂಬ ಬೇಡಿಕೆಯೆಲ್ಲ ಓಟಿನ ರಾಜಕಾರಣ, 2017ರಲ್ಲಿ ಹುಟ್ಟಿದ್ದು, ಸೌಲಭ್ಯದ ಆಸೆ. ರಾಜಕಾರಣ ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ. 2017ರ ಜುಲೈ 19ರಂದು ಬೀದರಿನಲ್ಲಿ ದೊಡ್ಡ ಸಮಾವೇಶ ಆಯಿತು. ಅದೇ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿ ಆಯಿತು. 2018ರ ಮಾರ್ಚ್ 19ರಂದು ರಾಜ್ಯ ಸಚಿವ ಸಂಪುಟ ಅದರ ಶಿಫಾರಸಿಗೆ ಒಪ್ಪಿಗೆ ಕೊಟ್ಟಿತು. ಮೇ ತಿಂಗಳಲ್ಲಿ ಚುನಾವಣೆ. ಕೇಂದ್ರ ಸರ್ಕಾರ ಶಿಫಾರಸನ್ನು ಒಪ್ಪಲಿಲ್ಲ. ಈ ದಿನಾಂಕಗಳನ್ನು ಜೋಡಿಸಿ ನೋಡಿದರೆ ಅನುಮಾನ ಬರುವುದು ಸಹಜ. ಆದರೆ ಆ ಚುನಾವಣೆಯಲ್ಲಿ ಬಸವಣ್ಣನ ಹೆಸರಿನ ಊರು, ಬಸವಕಲ್ಯಾಣ, ಗೆಲ್ಲಿಸಿದ್ದು ಬಿ. ನಾರಾಯಣರಾವ್ ಅವರನ್ನು, ಲಿಂಗಾಯತರಲ್ಲದ ಹಿಂದುಳಿದ ವರ್ಗದ ನಾಯಕರನ್ನು. ಅವರ ನಿಧನದ ನಂತರ 2021ರ ಉಪಚುನಾವಣೆಯಲ್ಲಿ ಅದೇ ಊರು ಬೇರೆ ಪಕ್ಷಕ್ಕೆ ಓಟು ಹಾಕಿತು. ನಮ್ಮ ಜನ ಧರ್ಮದ ಕಾಲಂ ನೋಡಿ ಓಟು ಒತ್ತುವವರಲ್ಲ.

ಬೇಡಿಕೆ 2017ರಲ್ಲಿ ಹುಟ್ಟಿತು ಎಂಬುದಂತೂ ಸುಳ್ಳು. 1881ರ ಜನಗಣತಿಯಲ್ಲಿ ತಮ್ಮನ್ನು ಯಾವ ಸಾಲಿನಲ್ಲಿ ಬರೆಯಬೇಕು ಎಂದು ಮೈಸೂರು ಸೀಮೆಯ ಮುಖಂಡರು ತಕರಾರು ಎತ್ತಿದ್ದರು. ಕಾಲಂ ಬಂದ ಕಾಲದಿಂದಲೂ ಕಾಲಮ್ಮಿನ ಜಗಳ ಇದೆ. ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ, 1923ರಲ್ಲಿ ವಚನ ಶಾಸ್ತ್ರ ಸಾರವನ್ನು ಹೊರತಂದದ್ದು, ಮುಂದೆ ಮನೆ ಮಾರಿ ಅಚ್ಚುಕೂಟ ಹಾಕಿದ್ದು ಯಾವ ಚುನಾವಣೆಗೆ? ನಮ್ಮ ಜಿಲ್ಲೆಯಲ್ಲಿ ನಿಜಾಮರ ಕಾಲಕ್ಕೆ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬಸವಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಲು ಭಿಕ್ಷೆ ಎತ್ತಿದರು. ಅವರು ಯಾವ ಟಿಕೆಟ್ಟಿಗೂ ನಿಂತವರಲ್ಲ. ಸೌಲಭ್ಯದ ಮಾತೂ ಅಷ್ಟೇ. ಅಲ್ಪಸಂಖ್ಯಾತ ಮಾನ್ಯತೆಯಿಂದ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ತಾನಾಗಿ ಬರುವುದಿಲ್ಲ. ಸಂವಿಧಾನದ 30ನೇ ವಿಧಿಯಿಂದ ಲಾಭವಾಗುವುದು ಶಿಕ್ಷಣ ಸಂಸ್ಥೆ ನಡೆಸುವವರಿಗೆ. ನಾನು ಯಾವ ಸಂಸ್ಥೆಯನ್ನೂ ನಡೆಸುತ್ತಿಲ್ಲ.

ವೀರಶೈವ, ಲಿಂಗಾಯತ ಎಂದು ಮನೆ ಒಡೆಯುತ್ತೀರಿ ಎಂಬ ದೂರಿಗೆ ಉದ್ದ ಉತ್ತರ ಬೇಡ. ಪಂಚಪೀಠಗಳನ್ನು ನಂಬುವವರು ನಂಬಲಿ, ಬಸವಣ್ಣನೇ ಗುರು ಎನ್ನುವವರು ಹಾಗೆ ಅನ್ನಲಿ. ನಾನು ಎರಡನೆಯವರ ಪಂಕ್ತಿಯವನು. ಮೊದಲನೆಯವರ ಮನೆಯ ಪ್ರಸಾದ ಬೇಡ ಅಂದವನಲ್ಲ.

ನನ್ನನ್ನು ನಿಜವಾಗಿ ಕಂಗೆಡಿಸಿದ ಆಕ್ಷೇಪ ಬಂದದ್ದು ಇವರಾರಿಂದಲೂ ಅಲ್ಲ. ಬಸವಕಲ್ಯಾಣದ ಒಬ್ಬ ಗೆಳೆಯನಿಂದ. ಚರ್ಮದ ಕೆಲಸದ ಮನೆತನ ಅವನದು. ಅಪ್ಪನ ಕಾಲದಿಂದ ಅದೇ ಸಣ್ಣ ಅಂಗಡಿ. ಹರಳಯ್ಯನ ಗವಿಯಲ್ಲಿ ಕೇಳಿದ ಪ್ರವಚನದಿಂದ ಮನಸ್ಸು ಕರಗಿ, ಹತ್ತು ವರ್ಷದ ಹಿಂದೆ ದೀಕ್ಷೆ ಪಡೆದು ಲಿಂಗ ಕಟ್ಟಿಕೊಂಡವನು. ಅವನು ಕೇಳಿದ: “ನೀ ಲಿಂಗಾಯತ ಅಂತ ಬರಸಿದ್ರ ನಿನಗೇನೂ ಹೋಗಲ್ಲ ಅಣ್ಣಾ. ನಾ ಬರಸಿದ್ರ ನನ್ನ ಮಗಳ ಸರ್ಟಿಫಿಕೇಟ್ ಹೋಗ್ತದ. ಆಗ ನೀ ಬರ್ತಿಯೇನು?”

ಅವನ ಮಾತು ಕಾನೂನಿನ ಮಾತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಬಹುಮಟ್ಟಿಗೆ ಹಿಂದೂ ಧರ್ಮದವರಿಗೆ ಮಾತ್ರ ಆ ಸ್ಥಾನಮಾನ ಇತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಅದರಾಚೆಗೆ ಯಾರನ್ನೂ ಸೇರಿಸಿಲ್ಲ. ಲಿಂಗಾಯತ ನಾಳೆ ಬೇರೆ ಧರ್ಮ ಎಂದು ಕಾಗದದ ಮೇಲೆ ಸ್ಥಿರವಾದರೆ, ಹರಳಯ್ಯನ ಕುಲದವರು ಹರಳಯ್ಯನ ಧರ್ಮವನ್ನು ಬರೆಸಿದ ತಪ್ಪಿಗೆ ಮಕ್ಕಳ ಓದು ಕಳೆದುಕೊಳ್ಳಬೇಕಾದೀತು. ಪ್ರತ್ಯೇಕ ಧರ್ಮದ ವೇದಿಕೆಗಳಲ್ಲಿ ಈ ಮಾತಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ನನ್ನ ಹಿಂದಿನ ಬರಹಗಳಲ್ಲೂ ಸಿಕ್ಕಿಲ್ಲ, ಅದು ನನ್ನ ತಪ್ಪು. ನಮ್ಮ ಬೇಡಿಕೆಯ ಪತ್ರದ ಮೊದಲ ಸಾಲಿನಲ್ಲೇ ಆ ಆದೇಶಕ್ಕೆ ಮೂರನೆಯ ತಿದ್ದುಪಡಿ ಆಗಬೇಕು ಎಂದಿರಬೇಕು. ಸಿಖ್ಖರಿಗೆ ಆದದ್ದು, ಬೌದ್ಧರಿಗೆ ಆದದ್ದು ನಮಗೂ ಆಗಬಹುದು. ಆಗುವ ತನಕ ಅವನು ಏನು ಬರೆಸಬೇಕು ಎಂದು ಹೇಳುವ ಬಾಯಿ ನಮಗಿಲ್ಲ.

ಇದನ್ನು ಹೇಳಿದ್ದಕ್ಕೆ ಚಳವಳಿಯ ಹುಡುಗರು ನನ್ನ ಮೇಲೆ ಮುನಿದರು. ಲಿಂಗಾಯತನಾಗಿ ಹಿಂದೂ ಎಂದು ಬರೆಸಿದವನು ಬಸವದ್ರೋಹಿ ಎನ್ನುತ್ತಾರೆ. ತಮ್ಮಂದಿರೇ, ದ್ರೋಹ ಎಂಬ ಶಬ್ದವನ್ನು ಅಷ್ಟು ಸುಲಭಕ್ಕೆ ಬಾಯಿಗೆ ತರಬೇಡಿ. ನನ್ನ ಕಾಕಾ ಹಿಂದೂ ಎಂದೇ ಬರೆಸಿದ್ದಾರೆ. ಅವರ ಮನೆಯಲ್ಲಿ ಹಸಿದು ಬಂದ ಜಂಗಮನಿರಲಿ, ದಾರಿಹೋಕನಿರಲಿ, ಉಣ್ಣದೆ ಹೋದವರಿಲ್ಲ. ಶರಣರು ನನ್ನ ಕೊರಳು ನೋಡಿ ಹೊರಗೆ ಹಾಕಿದರು, ನೀವು ಕಾಕಾನ ಕಾಲಂ ನೋಡಿ ಹೊರಗೆ ಹಾಕುತ್ತೀರಿ. ನಿಮ್ಮಿಬ್ಬರ ಮಾತನ್ನೂ ಒಟ್ಟಿಗೆ ನಡೆಸಿದರೆ ಒಳಗೆ ಉಳಿಯುವವರು ಎಷ್ಟು ಜನ ಎಂದು ಎಣಿಸಿ ನೋಡಿ.

ಸಮೀಕ್ಷೆಯವರು ಬಂದ ವಾರದಲ್ಲೇ ಒಂದು ಮುಂಜಾನೆ ನಾನು ಆ ಗೆಳೆಯನ ಅಂಗಡಿಗೆ ಹೋಗಿದ್ದೆ. ಅವನು ಇನ್ನೂ ಕೆಲಸಕ್ಕೆ ಕೂತಿರಲಿಲ್ಲ. ರಂಪಿ, ಆರಿ, ದಾರದ ಉಂಡೆಗಳನ್ನು ಒಂದು ಗೋಣಿಚೀಲದ ಮೇಲೆ ಸರಿಸಿ, ಬಕೆಟ್ಟಿನ ನೀರಿನಲ್ಲಿ ಮೊಣಕೈ ತನಕ ತಿಕ್ಕಿ ತೊಳೆದುಕೊಂಡ. ಗೋಡೆಗೆ ಮುಖ ಮಾಡಿ ಕೂತು, ಅಂಗಿಯ ಒಳಗಿನಿಂದ ಶಿವದಾರ ಎಳೆದು, ಗಂಟು ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ಬೆರಳ ಸಂದಿಗೆ ಹತ್ತಿದ ಕಪ್ಪು ಬಣ್ಣ ಎಷ್ಟು ತೊಳೆದರೂ ಹೋಗಿರಲಿಲ್ಲ. ಆ ಕಪ್ಪಿನ ಮೇಲೆ ವಿಭೂತಿ ಬಿದ್ದು ಬಿಳಿ ಗೆರೆ ಮೂಡಿತು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ಪೂಜೆ ಮುಗಿಸಿ ಎದ್ದು, ಎದುರಿನ ಹೋಟೆಲಿಗೆ ಎರಡು ಚಹಾ ಕೂಗಿ ಹೇಳಿ, ತನ್ನ ಮನೆಯಲ್ಲಿ ಹಿಂದೂ ಎಂದು ಬರೆಸಿದೆ ಅಂದ. ಸರಿಯಾಗಿ ಬರೆಸಿದಿ ಎಂದೆ.